ನಮ್ಮೂರಿಗೆ ಪೇಪರ್ ಬರುವ ದಾರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತನಾಡಿದವರಲ್ಲಿ ಇಂಜಿನಿಯರ್ ಆದವರಿದ್ದಾರೆ, ಬ್ಯಾಂಕಿನ ಮ್ಯಾನೇಜರ್ ಆಗಿ ನಿವೃತ್ತರಾದವರಿದ್ದಾರೆ. ನಾನು ಪೇಪರ್ ಹಾಕುವವನು. ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಒಂದೆರಡು ವರ್ಷ ಅಲ್ಲಿ ಇಲ್ಲಿ ಕೂಲಿ ಮಾಡಿ, ಆಮೇಲೆ ಹಿಡಿದ ಕೆಲಸ ಇದು. ಮೂವತ್ತೈದು ವರ್ಷ ದಾಟಿತು. ಸಮಿತಿಯವರು ಬಂದು, ‘ನೀನೂ ಎರಡು ಮಾತು ಹೇಳಬೇಕಪ್ಪ’ ಅಂದಾಗ, ಪೇಪರಿನ ಬಗ್ಗೆ ಬಿಟ್ಟು ಬೇರೆ ಏನು ಹೇಳಲಿ ಅಂದೆ. ‘ಅದನ್ನೇ ಹೇಳು’ ಅಂದರು. ಸರಿ, ಅದನ್ನೇ ಹೇಳುತ್ತೇನೆ. ಕೊನೆಗೆ ನಿಮ್ಮಿಂದ ಒಂದು ಕೆಲಸವೂ ಆಗಬೇಕಾಗಿದೆ, ಅದನ್ನೂ ಕೇಳುತ್ತೇನೆ.

ಮೊದಲು ಮಕ್ಕಳಿಗೆ ಒಂದು ಪ್ರಶ್ನೆ. ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನ ಅಂತ ಆಚರಿಸುತ್ತಾರೆ, ಯಾಕೆ? 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ಅದನ್ನು ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ತೆಗೆಯುತ್ತಿದ್ದರು. ಇಷ್ಟು ಪುಸ್ತಕದಲ್ಲಿದೆ, ಪರೀಕ್ಷೆಗೂ ಬರುತ್ತದೆ. ಪರೀಕ್ಷೆಗೆ ಬಾರದ ಸಂಗತಿ ಇನ್ನೊಂದಿದೆ. ಮರುವರ್ಷ, 1844ರಲ್ಲಿ, ಆ ಪತ್ರಿಕೆಯ ಅಚ್ಚಿನ ಕೆಲಸ ಬಳ್ಳಾರಿಗೆ ಬಂತು. ಬಳ್ಳಾರಿಯಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸುವ ವ್ಯವಸ್ಥೆ ಇತ್ತು. ಹೆಸರೂ ‘ಕನ್ನಡ ಸಮಾಚಾರ’ ಎಂದು ಬದಲಾಯಿತು. ಅಂದರೆ ಕನ್ನಡದ ಮೊದಲ ಪತ್ರಿಕೆ ತನ್ನ ಎರಡನೇ ವರ್ಷ ಅಚ್ಚಾದದ್ದು ಇಲ್ಲಿಂದ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ! ನಮ್ಮ ಜಿಲ್ಲೆಯವರು ಇದನ್ನು ಯಾಕೆ ಹೆಚ್ಚು ಹೇಳಿಕೊಳ್ಳುವುದಿಲ್ಲವೋ ನನಗೆ ತಿಳಿಯದು. ಹಂಪಿ ಹೇಳುತ್ತೇವೆ, ಗಣಿ ಹೇಳುತ್ತೇವೆ, ಇದನ್ನು ಬಿಡುತ್ತೇವೆ.

ನಾನು ವಿತರಕ, ನನ್ನ ತಲೆ ಓಡುವುದೇ ಬೇರೆ ಕಡೆಗೆ. ಬಳ್ಳಾರಿಯಲ್ಲಿ ಅಚ್ಚಾದ ಹಾಳೆ ಮಂಗಳೂರಿನ ಓದುಗನ ಕೈಗೆ ಹೇಗೆ ಹೋಯಿತು? ನಮ್ಮ ದೇಶದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು 1853ರಲ್ಲಿ. ದೇಶಕ್ಕೆಲ್ಲ ಸಲ್ಲುವ ಅಂಚೆಚೀಟಿ ಬಂದದ್ದು 1854ರಲ್ಲಿ. ಆಗ ಎರಡೂ ಇಲ್ಲ. ನಡುವೆ ಘಟ್ಟ, ಮಳೆಗಾಲ ಬೇರೆ. ಆ ಪತ್ರಿಕೆ ಹೆಚ್ಚು ದಿನ ಬಾಳಲಿಲ್ಲ. ಅಚ್ಚು ಹಾಕುವುದು ಎಷ್ಟು ಕಷ್ಟವೋ ಮನೆ ತಲುಪಿಸುವುದೂ ಅಷ್ಟೇ ಕಷ್ಟ, ಅವತ್ತಿನಿಂದ ಇವತ್ತಿನವರೆಗೂ.

ಅಬ್ದುಲ್ ಕಲಾಂ ಅವರ ಕಥೆಯನ್ನು ಪೇಪರಿನವರ ಎಲ್ಲ ಸಭೆಯಲ್ಲೂ ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ರಾಮೇಶ್ವರದಲ್ಲಿ ರೈಲು ನಿಲ್ಲುವುದನ್ನು ಬಿಟ್ಟಿತು. ಪತ್ರಿಕೆಯ ಕಟ್ಟುಗಳನ್ನು ಓಡುವ ರೈಲಿನಿಂದ ಎಸೆಯುತ್ತಿದ್ದರು. ಅವನ್ನು ಹಿಡಿದುಕೊಳ್ಳಲು ಅವರ ಸೋದರ ಸಂಬಂಧಿಗೆ ಒಬ್ಬ ಹುಡುಗ ಬೇಕಾಗಿತ್ತು, ಆ ಹುಡುಗನೇ ಕಲಾಂ. ಎಲ್ಲರೂ ಇದನ್ನು ಹೇಳಿ, ‘ನೋಡಿ, ಪೇಪರ್ ಹಾಕುವ ಹುಡುಗ ರಾಷ್ಟ್ರಪತಿಯಾದ’ ಅಂತ ಮುಗಿಸುತ್ತಾರೆ. ನನಗೆ ಮಾತ್ರ ಆ ನಿಲ್ಲದ ರೈಲೇ ನೆನಪಾಗುತ್ತದೆ. ಯಾಕೆಂದರೆ ಈಗ ನಮ್ಮೂರಿನ ಕಥೆಯೂ ಅದೇ.

ನಾನು ಶುರು ಮಾಡಿದಾಗ ಕಟ್ಟು ನಸುಕಿಗೇ ಬರುತ್ತಿತ್ತು. ಬಳ್ಳಾರಿಯಿಂದ ರಾಂಪುರ, ಚಳ್ಳಕೆರೆ ಕಡೆಗೆ ಹೋಗುವ ಪೇಪರ್ ಗಾಡಿ ಬೆಂಗಳೂರು ರಸ್ತೆಯಲ್ಲೇ ಹೋಗಬೇಕಲ್ಲ, ಊರ ಕ್ರಾಸಿನಲ್ಲಿ ಅರ್ಧ ನಿಮಿಷ ನಿಧಾನ ಮಾಡಿ ಕಟ್ಟು ಇಳಿಸಿ ಹೋಗುತ್ತಿತ್ತು. ಚಹಾದಂಗಡಿಯ ಕಟ್ಟೆ ಮೇಲೆ ಲಾಟೀನು ಇಟ್ಟುಕೊಂಡು ಎಣಿಸುತ್ತಿದ್ದೆವು. ಮೊದಲು ಮುಖ್ಯ ಪತ್ರಿಕೆ, ಒಳಗೆ ಪುರವಣಿ, ಅದರೊಳಗೆ ಯಾವುದೋ ಸೀರೆ ಅಂಗಡಿಯ ಕರಪತ್ರ. ಮೂವರು ಹುಡುಗರಿದ್ದರು, ಮೂವರೂ ಇದೇ ಶಾಲೆಯವರು. ಏಳು ಗಂಟೆಯೊಳಗೆ ಮನೆಮನೆಗೆ ಹಾಕಿ, ಮುಖ ತೊಳೆದು, ಪ್ರಾರ್ಥನೆಗೆ ಬಂದು ನಿಲ್ಲುತ್ತಿದ್ದರು. ಬೆರಳಲ್ಲಿ ಮಸಿ ಇದ್ದರೆ ಮೇಷ್ಟ್ರು ಬೈಯುತ್ತಿರಲಿಲ್ಲ, ‘ಇವತ್ತು ಏನು ಸುದ್ದಿಯೋ?’ ಅಂತ ಕೇಳುತ್ತಿದ್ದರು. ಆ ಹುಡುಗನೇ ಮುಖ್ಯಾಂಶ ಓದುತ್ತಿದ್ದ.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನವನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಪಾಸಾದವರ ನೋಂದಣಿ ಸಂಖ್ಯೆ ಪೇಪರಿನಲ್ಲಿ ಬರುತ್ತಿತ್ತು, ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ. ಅವತ್ತು ಕಟ್ಟು ಬಿಚ್ಚುವ ಮೊದಲೇ ಕ್ರಾಸಿನಲ್ಲಿ ಐವತ್ತು ಜನ. ‘ಅಣ್ಣಾ, ನನ್ನ ನಂಬರ್ ಐತೇನು ನೋಡಣ್ಣಾ’ ಅಂತ ನಾಲ್ಕು ಕಡೆಯಿಂದ ಕೈ ಎಳೆಯುತ್ತಿದ್ದರು. ನಂಬರ್ ಕಂಡವನು ಪೇಪರ್ ಕಿತ್ತುಕೊಂಡು ಓಡುತ್ತಿದ್ದ, ದುಡ್ಡು ಸಂಜೆ ಕೊಡುತ್ತಿದ್ದ. ಕಾಣದವನು ಇನ್ನೊಂದು ಪತ್ರಿಕೆ ತೋರಿಸು ಅನ್ನುತ್ತಿದ್ದ, ಅಚ್ಚು ತಪ್ಪಾಗಿರಬಹುದು ಅಂತ. ಈಗ ಫಲಿತಾಂಶ ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸ. ಅದು ಒಳ್ಳೆಯದೇ. ಸೋತ ಹುಡುಗ ಊರೆಲ್ಲರ ಮುಂದೆ ನಿಂತು ಸೋಲುವುದು ತಪ್ಪಿತು.

ನನ್ನ ಕಟ್ಟು ಅತ್ಯಂತ ದಪ್ಪವಾಗಿದ್ದ ವರ್ಷ 1999. ಯಾಕೆ ಅಂತ ಇಲ್ಲಿರುವ ಹಿರಿಯರಿಗೆ ಗೊತ್ತು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಿಂದ ಲೋಕಸಭೆಗೆ ನಿಂತರು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದರು, ಗೆದ್ದವರು ಸೋನಿಯಾ. ದೆಹಲಿಯ ಕ್ಯಾಮೆರಾಗಳೆಲ್ಲ ನಮ್ಮ ಓಣಿಗಳಲ್ಲಿ ತಿರುಗುತ್ತಿದ್ದವು, ಆದರೂ ಜನ ಬೆಳಿಗ್ಗೆ ಪೇಪರಿಗೆ ಕಾಯುತ್ತಿದ್ದರು. ಅದೇ ಅಕ್ಟೋಬರಿನಲ್ಲಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಶುರು ಮಾಡಿದರು. ಬೆಲೆ ಕಡಿಮೆ, ಬಹಳ ಊರುಗಳಲ್ಲಿ ಆವೃತ್ತಿ. ಲಾರಿ ಸಾಗಣೆಯಲ್ಲಿ ಹೆಸರಾದವರು ಪತ್ರಿಕೆ ತೆಗೆದರು ಎಂಬುದನ್ನು ಗಮನಿಸಿ. ಗಡಿಯಾಚೆ ತೆಲುಗಿನ ‘ಈನಾಡು’ ಕೂಡ ಹೀಗೆಯೇ ಬೆಳೆದದ್ದು. 1974ರಲ್ಲಿ ವಿಶಾಖಪಟ್ಟಣದಲ್ಲಿ ಅದು ಹುಟ್ಟುವಾಗ ಅಲ್ಲಿಗೆ ಬೇರೆ ಪತ್ರಿಕೆಗಳು ವಿಜಯವಾಡದಿಂದ ಬರಬೇಕಾಗಿತ್ತು, ಬರುವಷ್ಟರಲ್ಲಿ ಹೊತ್ತೇರಿರುತ್ತಿತ್ತು. ಇವರು ಸೂರ್ಯ ಹುಟ್ಟುವ ಮೊದಲು ಬಾಗಿಲಿಗೆ ಹಾಕಿದರು. ಒಳಗೆ ಬರೆದಿರುವುದು ಚೆನ್ನಾಗಿರಬೇಕು, ನಿಜ. ಆದರೆ ಅದು ಆರು ಗಂಟೆಗೆ ಬರಬೇಕು. ಹನ್ನೊಂದಕ್ಕೆ ಬಂದರೆ ಅದು ಮೆಣಸಿನಕಾಯಿ ಬಜ್ಜಿ ಕಟ್ಟಲಿಕ್ಕೆ. (ಅದಕ್ಕೂ ಕಟ್ಟಬಾರದಂತೆ ಈಗ, ಮಸಿ ಹೊಟ್ಟೆಗೆ ಹೋಗುತ್ತದೆ ಅಂತ ಆಹಾರ ಸುರಕ್ಷತೆಯವರು ಹೇಳಿದ್ದಾರೆ.)

ಆಗ ನಾನು ಹಾಕುತ್ತಿದ್ದದ್ದು 64 ಪ್ರತಿ, ಎಲ್ಲ ಪತ್ರಿಕೆ ಸೇರಿ. ಇವತ್ತು 19.

ಈ 64 ಹೇಗೆ 19 ಆಯಿತು ಅಂದರೆ ಎಲ್ಲರೂ ಮೊಬೈಲ್ ಅನ್ನುತ್ತಾರೆ. ಮೊಬೈಲ್ ಒಂದು ಕಾರಣ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ, ಪೇಪರ್ ಮುಟ್ಟಿದರೆ ಕೊರೋನಾ ಬರುತ್ತದೆ ಅಂತ ಒಂದು ಸುದ್ದಿ ಹಬ್ಬಿತು. ‘ಸ್ವಲ್ಪ ದಿನ ಬೇಡಪ್ಪ’ ಅಂದವರಲ್ಲಿ ಬಹಳ ಮಂದಿ ಮತ್ತೆ ಬೇಕು ಅನ್ನಲಿಲ್ಲ. ಅದು ಎರಡನೇ ಕಾರಣ. ಕಾಗದದ ಕಥೆ ಮೂರನೆಯದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಮ್ಮ ರಾಜ್ಯದ್ದೇ, ಪತ್ರಿಕೆ ಅಚ್ಚು ಹಾಕುವ ಕಾಗದ ಮಾಡುತ್ತಿತ್ತು, 2015ರಲ್ಲಿ ಅದರ ಯಂತ್ರ ನಿಂತಿತು. ದೇಶದ ಪತ್ರಿಕೆಗಳು ಹೊರಗಿನಿಂದ ಬರುವ ಕಾಗದವನ್ನೂ ನಂಬಿಕೊಂಡಿವೆ, 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಅದರ ಬೆಲೆ ಏರಿತು, ಪುಟ ಇಳಿಯಿತು. ನೀವು ಕೊಡುವ ದುಡ್ಡಿನಲ್ಲಿ ಪತ್ರಿಕೆಯ ಖರ್ಚು ಹುಟ್ಟುವುದಿಲ್ಲ, ಜಾಹೀರಾತು ಅದನ್ನು ತುಂಬಿಸುತ್ತದೆ. ಆ ಜಾಹೀರಾತೇ ಈಗ ಮೊಬೈಲಿಗೆ ಹೋಗುತ್ತಿದೆ. ಹೊರದೇಶಗಳಲ್ಲೂ ಹೀಗೆಯೇ. ಆಸ್ಟ್ರಿಯಾದಲ್ಲಿ 1703ರಲ್ಲಿ ಹುಟ್ಟಿದ ‘ವೀನರ್ ಜೈಟುಂಗ್’ ಎಂಬ ಪತ್ರಿಕೆ 2023ರ ಜೂನ್ ಕೊನೆಗೆ ದಿನಪತ್ರಿಕೆಯಾಗಿ ಅಚ್ಚಾಗುವುದನ್ನು ನಿಲ್ಲಿಸಿತು.

ಇಷ್ಟೆಲ್ಲ ದೊಡ್ಡವರ ಲೆಕ್ಕ. ನಮ್ಮೂರಿನ ಲೆಕ್ಕ ಇನ್ನೂ ಸಣ್ಣದು, ಯಾರೂ ಬರೆಯದ್ದು, ಅದನ್ನು ಬಿಡಿಸಿ ಹೇಳುತ್ತೇನೆ. ಗಣಿತದ ಮೇಷ್ಟ್ರು ಮುಂದೆ ಕೂತಿದ್ದಾರೆ, ನೋಡಿಕೊಳ್ಳಲಿ.

ಒಂದು ಪ್ರತಿ ಹಾಕಿದರೆ ನನಗೆ ಸರಾಸರಿ ಒಂದೂವರೆ ರೂಪಾಯಿ ಉಳಿಯುತ್ತದೆ. 64 ಪ್ರತಿಗೆ 96 ರೂಪಾಯಿ ಆಗುತ್ತಿತ್ತು. 19 ಪ್ರತಿಗೆ 28 ರೂಪಾಯಿ 50 ಪೈಸೆ. ಪ್ರತಿ ಕಡಿಮೆಯಾದ ಮೇಲೆ ಪೇಪರ್ ಗಾಡಿಯವರು, ‘ಇಷ್ಟಕ್ಕೆ ನಿಲ್ಲಿಸೋಕೆ ಆಗಲ್ಲ, ಬಳ್ಳಾರಿಗೆ ಬಂದು ತಗೊಂಡು ಹೋಗು’ ಅಂದರು. ಹೋಗಿ ಬರುವುದು ಇಪ್ಪತ್ತು ಕಿಲೋಮೀಟರ್ ಹತ್ತಿರ. ಲೀಟರಿಗೆ ಐವತ್ತು ಕಿಲೋಮೀಟರ್ ಕೊಡುವ ಗಾಡಿಗೆ ನಲವತ್ತು ರೂಪಾಯಿಯ ಪೆಟ್ರೋಲು. ಅಂದರೆ ದಿನಾ ಹನ್ನೊಂದೂವರೆ ರೂಪಾಯಿ ಕೈಯಿಂದ. ಅಂಗಡಿಗೆ ಸಾಮಾನು ತರಲು ಹೇಗೂ ಬಳ್ಳಾರಿಗೆ ಹೋಗಬೇಕು ಅಂತ ಸಮಾಧಾನ ಮಾಡಿಕೊಂಡು ಹೋಗುತ್ತಿದ್ದೇನೆ. ನನ್ನ ಮೊಣಕಾಲು ಹಿಡಿದುಕೊಂಡ ದಿನ ಹೋಗಲಾಗುವುದಿಲ್ಲ. ಅವತ್ತು ಯಾರಾದರೂ ಬಸ್ಸಿನಲ್ಲಿ ಹಾಕಿ ಕಳಿಸಬೇಕು, ಬಸ್ಸು ಬಂದಾಗ ಪೇಪರ್. ಹತ್ತಾಗಬಹುದು, ಹನ್ನೊಂದಾಗಬಹುದು. ಒಂದೆರಡು ಸಲ ಕಟ್ಟು ಇಳಿಸುವುದನ್ನೇ ಮರೆತು, ಅದು ರಾಂಪುರ ನೋಡಿಕೊಂಡು ಸಂಜೆ ಬಂತು.

ಓದುವವನು ಏನು ಮಾಡುತ್ತಾನೆ? ಎರಡು ದಿನ ತಡವಾದರೆ ಬೈಯುತ್ತಾನೆ, ನಾಲ್ಕನೇ ದಿನ ನಿಲ್ಲಿಸು ಅನ್ನುತ್ತಾನೆ. ಹತ್ತೊಂಬತ್ತು ಹದಿನೆಂಟಾಗುತ್ತದೆ. ನನ್ನ ಪೆಟ್ರೋಲು ಅಷ್ಟೇ ಇರುತ್ತದೆ. ಓಣಿಯಲ್ಲಿ ಹತ್ತು ಮನೆಗೆ ಹಾಕುತ್ತಿದ್ದಾಗ ನಡೆಯುತ್ತಿದ್ದಷ್ಟೇ ದಾರಿ, ಈಗ ಎರಡು ಮನೆಗೆ. ಪೇಪರ್ ಓದುವವರು ಕಡಿಮೆಯಾದ್ದರಿಂದ ಪೇಪರ್ ಸರಿಯಾಗಿ ಬರುವುದಿಲ್ಲ, ಸರಿಯಾಗಿ ಬರುವುದಿಲ್ಲ ಅಂತ ಓದುವವರು ಇನ್ನೂ ಕಡಿಮೆಯಾಗುತ್ತಾರೆ. ಪೇಟೆಯಲ್ಲಿ ಇದು ನಿಧಾನ. ನಮ್ಮಂಥ ಊರಲ್ಲಿ ಬೇಗ.

ಹುಡುಗರು ಸಿಗುವುದಿಲ್ಲ ಅಂತ ದೂರುವವರ ಮಾತಿಗೆ ನಾನು ಒಪ್ಪುವುದಿಲ್ಲ. ಬೆಳಗಿನ ಚಳಿಯಲ್ಲಿ ಎದ್ದು, ನಾಯಿ ಅಟ್ಟಿಸಿಕೊಂಡು, ತಿಂಗಳಿಗೆ ಆ ದುಡ್ಡಿಗೆ ಯಾಕೆ ಬರಬೇಕು? ಬಳ್ಳಾರಿಯಲ್ಲಿ ಮನೆಗೆ ಊಟ ತಲುಪಿಸಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಈಗ ಸರ್ಕಾರ ಪತ್ರಿಕೆ ವಿತರಿಸುವವರಿಗೆ ಅಪಘಾತ ಪರಿಹಾರದ ಯೋಜನೆ ಮಾಡಿದೆ. ಇ-ಶ್ರಮ್‌ನಲ್ಲಿ ನೋಂದಣಿ ಇರಬೇಕು, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಇದನ್ನು ಯಾಕೆ ಹೇಳಿದೆ ಅಂದರೆ ನಮ್ಮ ಸುತ್ತಿನ ಊರುಗಳಲ್ಲಿ ಪೇಪರ್ ಹಾಕುವ ಎಷ್ಟೋ ಜನಕ್ಕೆ ಇದು ತಿಳಿದಿಲ್ಲ. ಇಲ್ಲಿ ಅಂಥವರಿದ್ದರೆ ಆಮೇಲೆ ನನ್ನನ್ನು ಕಾಣಿ.

ಹೋಗಲಿ, ಪೇಪರ್ ಬರದಿದ್ದರೆ ಏನಾಯಿತು, ಸುದ್ದಿ ಮೊಬೈಲಿನಲ್ಲಿ ಬರುತ್ತದಲ್ಲ ಅಂತ ನನ್ನ ಮಗನೇ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಮೊದಲು ಹೇಳಿದ್ದು ಮೊಬೈಲು. ನಡುರಾತ್ರಿಗೇ ಎಲ್ಲರಿಗೂ ಗೊತ್ತಾಯಿತು. ಆದರೆ ಅದರ ಜೊತೆ ಏನೇನು ಬಂತು ನೆನಪಿದೆಯೇ? ಡ್ಯಾಮೇ ಒಡೆಯಿತು ಅಂದರು, ಬೇರೆ ಯಾವುದೋ ದೇಶದ ಪ್ರವಾಹದ ವಿಡಿಯೋ ಹಾಕಿ ನಮ್ಮದು ಅಂದರು. ಕಾಲುವೆ ನಂಬಿ ಭತ್ತ ಹಚ್ಚಿದ ರೈತರು ಆ ವಾರ ನನ್ನ ಅಂಗಡಿಗೆ ಬಂದು, ‘ಪೇಪರಿನಾಗ ಎಷ್ಟು ಟಿಎಂಸಿ ಹೋತು ಅಂತ ಬರದಾರ, ಓದು’ ಅನ್ನುತ್ತಿದ್ದರು. ಪೂರ್ಣ ಮಟ್ಟ 1633 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಆ ನಾಲ್ಕು ಸಾಲಿನ ಸಣ್ಣ ಚೌಕ. ತಾತ್ಕಾಲಿಕ ಗೇಟು ಕೂಡಿಸುವವರೆಗೂ ಆ ಚೌಕಕ್ಕಾಗಿ ಹೆಚ್ಚಿಗೆ ಹತ್ತು ಪ್ರತಿ ತರಿಸಿದ್ದೆ, ಹತ್ತೂ ಖರ್ಚಾದವು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದರಕ್ಕೂ ಹಾಗೆಯೇ ಬರುತ್ತಾರೆ. ದಲ್ಲಾಳಿ ಫೋನಿನಲ್ಲಿ ಒಂದು ದರ ಹೇಳುತ್ತಾನೆ, ಅಚ್ಚಾದದ್ದು ಒಂದು ದರ ಹೇಳುತ್ತದೆ.

ಇನ್ನೊಂದು ಸಂಗತಿಯಿದೆ, ಅದು ಇದಕ್ಕಿಂತ ಗಟ್ಟಿಯಾದದ್ದು. ಸರ್ಕಾರ ಯಾರದ್ದಾದರೂ ಭೂಮಿ ತೆಗೆದುಕೊಳ್ಳಬೇಕಾದರೆ ಪ್ರಕಟಣೆ ಕೊಡಬೇಕು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬರೆದಿದೆ: ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ, ಅದರಲ್ಲಿ ಒಂದು ಅಲ್ಲಿನ ಭಾಷೆಯಲ್ಲಿ. ಪಂಚಾಯ್ತಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ತಿಳಿಸಬೇಕು, ಅದು ಬೇರೆ. ಆ ದಿನದಿಂದ ಆಕ್ಷೇಪಣೆಗೆ ದಿನ ಎಣಿಕೆಯಾಗುತ್ತದೆ. ನಮ್ಮದು ಕಾರ್ಖಾನೆಗಳ ಸೀಮೆ, ರಸ್ತೆ ಅಗಲ ಮಾಡುವ ಸೀಮೆ. ನಾಳೆ ನಮ್ಮೂರಿನ ಸರ್ವೆ ನಂಬರ್ ಪೇಪರಿನಲ್ಲಿ ಬಂದರೆ, ಊರಿಗೆ ಆ ಪೇಪರೇ ಬರದಿದ್ದರೆ ಏನು ಮಾಡುತ್ತೀರಿ? ಪ್ರಸಾರವಿದೆ ಅಂತ ಅವರ ಕಡತದಲ್ಲಿರುತ್ತದೆ. ಮೊಬೈಲ್ ನಿಮಗೆ ಬೇಕೆನಿಸಿದ್ದನ್ನು ತೋರಿಸುತ್ತದೆ, ಸರ್ವೆ ನಂಬರಿನ ಪಟ್ಟಿಯನ್ನು ಯಾರೂ ಬೇಕೆಂದು ಹುಡುಕುವುದಿಲ್ಲ. ಪೇಪರಿನಲ್ಲಿ ಅದು ಕ್ರಿಕೆಟ್ ಪುಟದ ಎದುರಿಗೇ ಬಿದ್ದಿರುತ್ತದೆ, ಕಣ್ಣಿಗೆ ಬೀಳುತ್ತದೆ. ಒಬ್ಬ ಕಂಡರೆ ಸಾಕು, ಊರಿಗೇ ಹೇಳುತ್ತಾನೆ.

ನಮ್ಮೂರಿನಂಥ ಊರಿಗೆ ಕನ್ನಡ ಪೇಪರ್ ಬೇಕು ಅನ್ನುವುದಕ್ಕೆ ಹಿಂದಿನ ಕಾರಣವೂ ಒಂದಿದೆ. 1953ರಲ್ಲಿ ಆಂಧ್ರ ರಾಜ್ಯ ಆಗುವಾಗ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆಲೂರು, ಆದೋನಿ, ರಾಯದುರ್ಗ ಅತ್ತ ಹೋದವು. ನಮ್ಮ ಬಳ್ಳಾರಿ ತಾಲ್ಲೂಕು ಎತ್ತ ಅನ್ನುವುದೇ ತಕರಾರಾಗಿ, ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರು ವಿಚಾರಣೆ ಮಾಡಬೇಕಾಯಿತು. ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ರೈಲಿನಲ್ಲಿ ಬರುವ ಪೇಪರನ್ನು ಒಬ್ಬರು ಓದುವುದು, ಮೂವತ್ತು ಜನ ಕೇಳುವುದು, ಹೀಗೆ ತಮಗೆ ಸುದ್ದಿ ತಿಳಿಯುತ್ತಿತ್ತು ಅಂತ ನಮ್ಮ ತಾತ ಹೇಳುತ್ತಿದ್ದ. ಇವತ್ತಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ. ನಾನೂ ಅಂಥ ಮನೆಯವನೇ. ‘ಪ್ರಜಾವಾಣಿ’ ಸ್ಥಾಪಿಸಿದ ಕೆ.ಎನ್. ಗುರುಸ್ವಾಮಿ ಅವರೂ ಬಳ್ಳಾರಿ ಮೂಲದವರು. ಪಠ್ಯಪುಸ್ತಕ ಬಿಟ್ಟರೆ ನನಗೆ ಕನ್ನಡ ಓದಿಸಿದ್ದು ಪೇಪರೇ. ಪುರವಣಿಯ ಕಥೆಯನ್ನು ಹಾಕುವ ಮೊದಲು ಕ್ರಾಸಿನಲ್ಲಿ ನಿಂತೇ ಓದಿಬಿಡುತ್ತಿದ್ದೆ, ಆಮೇಲೆ ಮಡಿಕೆ ಸರಿಮಾಡಿ ಗೌಡರ ಮನೆಗೆ ಹಾಕುತ್ತಿದ್ದೆ. ಗೌಡರ ಮನೆಯವರು ಇಲ್ಲಿದ್ದಾರೆ, ನಗುತ್ತಿದ್ದಾರೆ.

ಈಗ ನಮ್ಮ ಶಾಲೆಯ ಮಾತು. ಶಾಲೆಗೆ ಎರಡು ಪತ್ರಿಕೆ ಹಾಕುತ್ತೇನೆ. ಬಸ್ಸಿಗೆ ಹಾಕಿದ ದಿನ ಅವು ಬರುವುದು ಮೂರನೇ ಪಿರಿಯಡ್ ಆದ ಮೇಲೆ. ಪ್ರಾರ್ಥನೆಯಲ್ಲಿ ಓದುವುದು ಹಿಂದಿನ ದಿನದ ಸುದ್ದಿ, ಅಥವಾ ಯಾರಾದರೂ ಮೊಬೈಲಿನಿಂದ ಬರೆದುಕೊಂಡು ತಂದ ಮೂರು ಸಾಲು. ಮಕ್ಕಳು ಓದುತ್ತಾರೆ, ನಾನು ಗೇಟಿನ ಹತ್ತಿರ ನಿಂತು ಕೇಳಿದ್ದೇನೆ. ತಡವರಿಸಿ ಓದುತ್ತಾರೆ. ದಿನಾ ಅಚ್ಚಿನ ಕಾಲಂ ನೋಡಿದ ಕಣ್ಣಿಗೂ ನೋಡದ ಕಣ್ಣಿಗೂ ವ್ಯತ್ಯಾಸ ಗೊತ್ತಾಗುತ್ತದೆ, ಮೇಷ್ಟ್ರುಗಳು ಒಪ್ಪಿಯಾರು.

ಹೋದ ತಿಂಗಳು ಬಳ್ಳಾರಿಯ ಏಜೆಂಟರ ಹತ್ತಿರ ಹೋಗಿ ಕೂತೆ. ಗಾಡಿ ದಿನಾ ನಮ್ಮೂರ ಮುಂದೆಯೇ ಹೋಗುತ್ತದೆ, ನಿಲ್ಲಿಸಲು ಏನು ಬೇಕು ಅಂದೆ. ಅವರು ಲೆಕ್ಕ ಮಾಡಿ, ‘ನಲವತ್ತು ಪ್ರತಿ ಆಗಲಿ, ಕ್ರಾಸಿನಲ್ಲಿ ಇಳಿಸಿ ಹೋಗ್ತಾರೆ’ ಅಂದರು. ನಲವತ್ತಾದರೆ ನನ್ನ ಬಳ್ಳಾರಿ ಓಡಾಟ ಉಳಿಯುತ್ತದೆ, ದಿನಕ್ಕೆ ಅರವತ್ತು ರೂಪಾಯಿ ಆಗುತ್ತದೆ. ಅದರಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗನನ್ನು ಇಟ್ಟುಕೊಳ್ಳಬಹುದು. ನನ್ನ ಕಾಲಿಗೂ ವಿಶ್ರಾಂತಿ. ಆಗಲಿಲ್ಲ ಅಂದರೆ ಯುಗಾದಿವರೆಗೆ ಹಾಕುತ್ತೇನೆ, ಆಮೇಲೆ ಆಗುವುದಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಮನೆಯಲ್ಲಿ ಹೇಳಿ ಬಂದಿದ್ದೇನೆ.

ಬೇಕಾಗಿರುವುದು ಇಪ್ಪತ್ತೊಂದು ಹೆಸರು. ಬೆಂಗಳೂರಿನಲ್ಲಿ, ಹೊಸಪೇಟೆಯಲ್ಲಿ ಇರುವ ಹಳೆಯ ವಿದ್ಯಾರ್ಥಿಗಳು ನಮ್ಮಪ್ಪ ಅಮ್ಮನಿಗೆ ಹಾಕು ಅಂತ ಹೇಳಬಹುದು, ಅವರು ಓದದಿದ್ದರೆ ಪಕ್ಕದ ಮನೆಯ ಮಗು ಓದುತ್ತದೆ. ಕೆಲವರು ಕೂಡಿ ಹತ್ತನೇ ತರಗತಿಗೆ ಐದು ಪ್ರತಿ ಹಾಕಿಸಬಹುದು, ಅದನ್ನು ಮುಖ್ಯೋಪಾಧ್ಯಾಯರು ಆಗಲೇ ಒಪ್ಪಿದ್ದಾರೆ. ದುಡ್ಡು ಇವತ್ತೇ ಬೇಡ, ಗಾಡಿ ನಿಂತ ತಿಂಗಳಿನಿಂದ ಕೊಟ್ಟರೆ ಸಾಕು. ಹೆಸರು ಬರೆಸಿ ಆಮೇಲೆ ಫೋನ್ ಎತ್ತದಿರುವವರು ಮಾತ್ರ ದಯವಿಟ್ಟು ಬರೆಸಬೇಡಿ, ಆ ಪೈಕಿ ನನ್ನ ಹತ್ತಿರ ಈಗಾಗಲೇ ಇದ್ದಾರೆ.

ಹಿಂದೆ ಚಹಾ ಕೊಡುವ ಟೇಬಲ್ಲಿನ ಮೇಲೆ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ಇಟ್ಟಿದ್ದೇನೆ. ಬೆಳಿಗ್ಗೆಯಿಂದ ಆರು ಹೆಸರು ಬಂದಿವೆ.